ಕಾಗದ ಓದಿಸಿಕೊಳ್ಳುವುದು

ನಾನು ಹುಡುಗನಾಗಿದ್ದಾಗ ಕುರಕುಂಟಾದ ನಮ್ಮ ಓಣಿಯಲ್ಲಿ ಕಾಗದವನ್ನೋದುವುದು ಒಬ್ಬರ ಕೆಲಸವಾಗಿರಲಿಲ್ಲ. ಮುಂಬಯಿಗೋ ಹೈದರಾಬಾದಿಗೋ ದುಡಿಯಹೋದ ಮಗನ ಪತ್ರ ಬಂದರೆ ತಾಯಿ ಅದನ್ನು ಸೆರಗಿನಲ್ಲಿ ಹಿಡಿದು ತಂದು, "ತಮ್ಮಾ, ಜರಾ ಓದಿ ಹೇಳಪಾ" ಎನ್ನುವಳು. ಫರಸಿ ಕಲ್ಲು ಹಾಸಿದ ಕಟ್ಟೆಯ ಮೇಲೆ ಕುಳಿತು ನಾನು ಓದತೊಡಗಿದೆನೆಂದರೆ ನೆರೆಹೊರೆಯವರೆಲ್ಲ ಕಿವಿಗೊಡುವರು. "ಅಂವ ಹಿಂಗ ಬರೆಯಾಂವಲ್ಲ" ಎಂದು ಒಬ್ಬರು, "ರೊಕ್ಕ ಯಾಕ ಬೇಕಂತ? ಇನ್ನೊಮ್ಮೆ ಓದು" ಎಂದು ಮತ್ತೊಬ್ಬರು. ಅಕ್ಷರ ಬಾರದ ಆ ಜನ ಮಾಡುತ್ತಿದ್ದುದು ಪಠ್ಯವಿಮರ್ಶೆಯೆಂಬುದು ನನಗೆ ತಿಳಿದದ್ದು ಎಂ.ಎ. ತರಗತಿಗೆ ಹೋದ ಮೇಲೆ. ನಮ್ಮ ತಾಲ್ಲೂಕಿನ ಮಳಖೇಡವನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದ ರಾಷ್ಟ್ರಕೂಟರ ಆಸ್ಥಾನದ ಕೃತಿ 'ಕವಿರಾಜಮಾರ್ಗ' 9ನೆಯ ಶತಮಾನದಲ್ಲಿಯೇ ಈ ನಾಡಿನ ಓದದವರ ಜಾಣ್ಮೆಯನ್ನು ಮೆಚ್ಚಿಕೊಂಡಿದೆಯಷ್ಟೆ.

ಈಗ ಕಾಗದ ವಾಟ್ಸಾಪಿನಲ್ಲಿ ನೇರವಾಗಿ ಅಂಗೈಗೆ ಬರುತ್ತದೆ. ಓದುವವನು ಒಬ್ಬನೆ. ವಂಚಕನಿಗೆ ಬೇಕಾದದ್ದೂ ಅದೇ.

ನೆರೆಮನೆಯ ನಿವೃತ್ತ ಮಾಸ್ತರರ ಕಥೆ ಹೇಳುತ್ತೇನೆ, ಅವರ ಒಪ್ಪಿಗೆಯುಂಟು. ಕಳೆದ ಮದುವೆಯ ಹಂಗಾಮಿನಲ್ಲಿ ಅವರಿಗೊಂದು ಲಗ್ನಪತ್ರಿಕೆ ಬಂದಿತು, ಅದೂ ಸ್ವಂತ ಸೋದರಳಿಯನ ನಂಬರಿನಿಂದ. ಕಡತದ ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂಬ ಮೂರಕ್ಷರವಿದ್ದುದನ್ನು ಅವರು ಲಕ್ಷಿಸಲಿಲ್ಲ. ಲಗ್ನಪತ್ರಿಕೆ ಚಿತ್ರವಾಗಿದ್ದರೆ ನೋಡಿದರೆ ಸಾಕು. ಅದನ್ನು ಫೋನಿನಲ್ಲಿ ಸ್ಥಾಪಿಸಬೇಕಾದ ಕಾರಣವೇನು? ಮಾಸ್ತರರು ಕೇಳಿದ ಅನುಮತಿಯನ್ನೆಲ್ಲ ಕೊಟ್ಟರು. ಒಳಹೊಕ್ಕ ತಂತ್ರಾಂಶ ಬ್ಯಾಂಕಿನ ಓಟಿಪಿಗಳನ್ನು ತಾನೇ ಓದಿ ಕಳ್ಳನಿಗೆ ರವಾನಿಸಿತು. ಸೋದರಳಿಯನ ಫೋನೂ ಹಾಗೆಯೇ ಕೆಟ್ಟಿತ್ತೆಂಬುದು ಆಮೇಲೆ ತಿಳಿಯಿತು. ಪಿಂಚಣಿಯ ಹಣ ಸಂಜೆಯೊಳಗೆ ಹೋಯಿತು.

ಹಣ ಹೋದದ್ದಕ್ಕಿಂತ ನನ್ನನ್ನು ನೋಯಿಸಿದ್ದು ಬೇರೆ. ಎರಡು ದಿನ ಅವರು ಯಾರಿಗೂ ಹೇಳಲಿಲ್ಲ. 1930ಕ್ಕೆ ಕೂಡಲೆ ಕರೆ ಮಾಡಿದರೆ ಹಣವನ್ನು ನಡುದಾರಿಯಲ್ಲಿ ತಡೆಯುವ ಸಂಭವವಿರುತ್ತದೆ. ತಡವಾದಷ್ಟೂ ಅದು ಕೈಗೆ ನಿಲುಕದು. ಏಕೆ ಹೇಳಲಿಲ್ಲವೆಂದು ಕೇಳಿದರೆ, "ನಾಲ್ಕು ಮಂದಿಗೆ ಓದಿಸಿದಾಂವ ನಾ. ಯಾವ ಬಾಯಿಲೆ ಹೇಳ್ಲಿರಿ ಸರ?" ಎಂದರು.

ಈ ನಾಚಿಕೆ ಪ್ರಾಣವನ್ನೂ ಕೇಳುತ್ತದೆ. 2025ರ ಮಾರ್ಚಿಯಲ್ಲಿ ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದ ವೃದ್ಧ ದಂಪತಿಗಳು ಇಂಥದೇ ಬೆದರಿಕೆಗೆ ಸಿಕ್ಕಿ, ಲಕ್ಷಾಂತರ ರೂಪಾಯಿ ತೆತ್ತು, ಕೊನೆಗೆ ಜೀವವನ್ನೇ ಕಳೆದುಕೊಂಡರು. ಪೊಲೀಸರ ವೇಷ ತೊಟ್ಟವನೊಬ್ಬ ವೀಡಿಯೊ ಕರೆಯಲ್ಲಿ 'ಡಿಜಿಟಲ್ ಅರೆಸ್ಟ್' ಎನ್ನುತ್ತಾನಲ್ಲ, ಅಂಥ ಬಂಧನ ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ಆದರೆ ಕರೆ ಮಾಡಿದವನ ಮೊದಲ ಆಜ್ಞೆಯನ್ನು ಗಮನಿಸಿ: ಮನೆಯವರಿಗೆ ಹೇಳಬೇಡಿ. ಕಟ್ಟೆಯನ್ನು ಒಡೆಯುವುದೇ ಅವನ ಮೊದಲ ಕೆಲಸ.

ಕಾಗುಣಿತದ ತಪ್ಪಿನಿಂದ ಕಳ್ಳಪತ್ರವನ್ನು ಗುರುತಿಸಬಹುದೆಂದು ನನ್ನ ವಿದ್ಯಾರ್ಥಿಗಳು ನಂಬಿದ್ದರು. ನಾನೂ ನಂಬಿದ್ದೆ, ಕನ್ನಡ ಮೇಷ್ಟರ ದೌರ್ಬಲ್ಯ! ಈಗ ಯಂತ್ರವೇ ಒಳ್ಳೆಯ ಕನ್ನಡ ಬರೆದುಕೊಡುವಾಗ ಆ ಗುರುತು ಉಳಿಯಲಿಲ್ಲ. ಉಳಿದಿರುವುದು ವಿಧ್ಯರ್ಥಕ ಕ್ರಿಯಾಪದ: ಒತ್ತಿ, ಕಳುಹಿಸಿ, ಈಗಲೇ, ಇಲ್ಲವಾದರೆ ಖಾತೆ ಮುಚ್ಚುತ್ತದೆ. ಹಣ ಪಡೆಯುವುದಕ್ಕೆ ಪಿನ್ ಒತ್ತಿರೆಂದವನು ಸುಳ್ಳುಗಾರನೆನ್ನಲು ವ್ಯಾಕರಣವೂ ಬೇಡ. ಪಿನ್ ಇರುವುದು ಕೊಡುವುದಕ್ಕೆ.

ಮಾಸ್ತರರು ಈಗ ಸಂಜೆ ಫೋನು ಹಿಡಿದು ನಮ್ಮ ಕಟ್ಟೆಗೆ ಬರುತ್ತಾರೆ. ಬಂದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ. ಹೋದ ವಾರ ಶುಲ್ಕಕ್ಕೆ ಹಣ ಬೇಕೆಂದು ಮೊಮ್ಮಗನ ಸಂದೇಶವಿತ್ತು. ಕಟ್ಟೆಯವರೆಲ್ಲ ಸೇರಿ ಸಂಶಯಪಟ್ಟು, ಹುಡುಗನಿಗೆ ಕರೆ ಮಾಡಿ, ಅವನ ಅಜ್ಜಿಯ ತವರೂರು ಯಾವುದೆಂದು ಕೇಳಿದೆವು. ಅವನಿಗೆ ಸಿಟ್ಟು ಬಂತು. ಊರಿನ ಹೆಸರನ್ನು ಮಾತ್ರ ಸರಿಯಾಗಿಯೇ ಹೇಳಿದ.