ರಾಗಿಗೇಕೆ ಈ ಮಡಿ?

"ಗಾಜಿನ ಬುಡ್ಡಿಯಲ್ಲಿ ಹುಟ್ಟಿದ ಬೆಳೆಯನ್ನು ತಿನ್ನುವುದೇ?" ಎಂದು ನಮ್ಮ ಬಾಶೆಟ್ಟಿಹಳ್ಳಿಯ ಗೆಳತಿಯೊಬ್ಬರು ಮೂಗು ಮುರಿದರು. ಅಂಗಾಂಶ ಕೃಷಿಯ ಪಚ್ಚಬಾಳೆಯನ್ನು ದೇವರ ಮುಂದೆಯೂ ಇಡುತ್ತೇವೆ. ಆಗಿಲ್ಲದ ಮಡಿ ರಾಗಿಗೇಕೆ?

ನಾವೆಲ್ಲ ಉಂಡ ಇಂಡಾಫ್ ರಾಗಿಯೂ ತಾನಾಗಿ ಹುಟ್ಟಿದ್ದಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ'ನವರು ಇಂಡಿಯಾ, ಆಫ್ರಿಕಾಗಳ ರಾಗಿಯನ್ನು ಕೂಡಿಸಿದ ಫಲ ಅದು. ಹಾಗೆ ಕೂಡಿಸಿದ ಮೇಲೆ ಗುಣ ನೆಲೆನಿಲ್ಲಲು ಆರೇಳು ತಲೆಮಾರು ಬೆಳೆದು ಆರಿಸಬೇಕು. ಈ ಕಾಯುವಿಕೆ ತಗ್ಗಿಸುವ ದಾರಿ ತೆರೆದದ್ದು 1964ರಲ್ಲಿ. ತೆರೆದವರಲ್ಲಿ ಒಬ್ಬರು ಹೆಂಗಸು, ದೆಹಲಿ ವಿಶ್ವವಿದ್ಯಾಲಯದ ಶಿಪ್ರಾ ಗುಹಾ. ಅವರೂ ಮಹೇಶ್ವರಿಯವರೂ ದತ್ತೂರಿಯ ಪರಾಗಕೋಶದಿಂದ ಅರ್ಧ ವರ್ಣತಂತುಗಳ ಸಸಿಗಳನ್ನೇ ಎಬ್ಬಿಸಿದರು. ಅವನ್ನು ಇಮ್ಮಡಿಸಿದರೆ ಒಂದೇ ತಲೆಮಾರಿಗೆ ಶುದ್ಧ ತಳಿ. ಭತ್ತ, ಗೋಧಿ, ಬಾರ್ಲಿಗಳಲ್ಲಿ ಈ ವಿಧಾನ ಬಳಕೆಗೆ ಬಂದಿದೆ. ಇದರಲ್ಲಿ ಹೊರಗಿನ ವಂಶವಾಹಿಯನ್ನು ತುರುಕುವುದೇನೂ ಇಲ್ಲ.

ತೆನೆಯನ್ನು ಜೊಳ್ಳು ಮಾಡುವ ಬೆಂಕಿರೋಗ ಆರೇಳು ವರ್ಷ ಕಾಯುವುದಿಲ್ಲ. ನಮ್ಮ ಹೊಲಗಳಲ್ಲಿ ಕಾರ್ಖಾನೆಗಳೆದ್ದಿವೆ. ಉಳಿದ ನೆಲವೇ ಹೆಚ್ಚು ಕೊಡಬೇಕು. ಬಾಳೆಗೆ, ಹೂವಿಗೆ ಸಿಕ್ಕ ಆದರ ರಾಗಿಗೂ ಸಿಗಲಿ. ತಳಿ ಬಂದ ಮೇಲೆ ಮುದ್ದೆ ಕಟ್ಟಿ, ಉಂಡು, ತೀರ್ಪು ಹೇಳೋಣ. ಬುಡ್ಡಿ ಕಂಡೇ ಮೂಗು ಮುರಿಯುವುದು ಬೇಡ.