ಕಿಚ್ಚು ಆರಿದ ಮೇಲೆ

ತೈ ಅಮಾವಾಸ್ಯೆಯ ಬೆನ್ನಿಗೇ ಆನೈಮಲೈ ಊರಿನ ಮಾಸಾಣಿ ಅಮ್ಮನ ಸನ್ನಿಧಿಯಲ್ಲಿ ಕೊಂಡದ ಉತ್ಸವ ಬರುತ್ತದೆ. ಭಕ್ತರು ಕೆಂಡ ಹಾಯ್ದು ಹರಕೆ ತೀರಿಸುತ್ತಾರೆ. ಆ ಕೆಂಡ ಆರುವ ಹೊತ್ತಿಗೆ ಊರಿನ ದಕ್ಷಿಣದ ಬೆಟ್ಟಗಳಲ್ಲಿ ಹುಲ್ಲು ಒಣಗಿ, ಇನ್ನೊಂದು ಕಿಚ್ಚಿನ ಋತು ಆರಂಭವಾಗಿರುತ್ತದೆ. ವಾಲ್ಪಾರೈ ಕಡೆಯ ಮಲೆಗಳು ಮಳೆ ಕುಡಿದು ಹಸಿರಾಗಿರುವುದರಿಂದ ಅಲ್ಲಿ ಭಯ ಕಡಮೆ. ಉಡುಮಲೈ, ಅಮರಾವತಿ ವಲಯಗಳ ಪೂರ್ವದ ಇಳಿಜಾರು ಹಾಗಲ್ಲ. ಅದು ಮಳೆಯ ಮರೆಯ ನಾಡು. ಮುಳ್ಳುಕಂಟಿ, ಎಲೆಯುದುರುವ ಮರ, ನಡುವೆ ಲಂಟಾನದ ಪೊದೆ. ಯಾರೋ ಎಸೆದ ಬೀಡಿಯ ತುಂಡೊಂದು ಸಾಕು.

ಕಾಡ್ಗಿಚ್ಚಿನ ಸುದ್ದಿ ಬಂದಾಗಲೆಲ್ಲ ನಮ್ಮ ಸಂಘಗಳಲ್ಲಿ ‘ನಾವೇನು ಮಾಡಬಹುದು’ ಎಂಬ ಪ್ರಶ್ನೆ ಏಳುತ್ತದೆ. ಒಳ್ಳೆಯ ಪ್ರಶ್ನೆಯೇ. ಆದರೆ ಅದು ಏಳುವ ವೇಳೆ ಬಹುಮಟ್ಟಿಗೆ ತಪ್ಪಿರುತ್ತದೆ.

2018ರ ಮಾರ್ಚ್ 11ರ ಭಾನುವಾರವನ್ನು ಈ ಭಾಗದವರು ಮರೆತಿರಲಾರರು. ತೇನಿ ಜಿಲ್ಲೆಯ ಬೋಡಿನಾಯಕನೂರಿನ ಮೇಲಿರುವ ಕುರಂಗಣಿಯ ಕಾಡಿನಲ್ಲಿ ಚಾರಣಿಗರ ಎರಡು ತಂಡಗಳು ಕಿಚ್ಚಿಗೆ ಸಿಲುಕಿದವು. ಒಂದು ಚೆನ್ನೈಯಿಂದ ಬಂದದ್ದು. ಇನ್ನೊಂದು ನಮ್ಮ ಈರೋಡು, ತಿರುಪ್ಪೂರು ಕಡೆಯದು. ಸೂಲೂರಿನ ವಾಯುನೆಲೆಯಿಂದ ಹೆಲಿಕಾಪ್ಟರುಗಳು ಹೋದದ್ದು ನಿಜ. ಆದರೆ ಅವಕ್ಕಿಂತ ಮೊದಲೇ ಕೂಗು ಕೇಳಿ ಇಳಿಜಾರನ್ನು ಹತ್ತಿದವರು ಸುತ್ತಲಿನ ಹಳ್ಳಿಗರು, ಚಹಾ ತೋಟದ ಕೂಲಿಗಳು. ಕಂಬಳಿಯನ್ನೇ ಡೋಲಿ ಮಾಡಿ ಸುಟ್ಟ ದೇಹಗಳನ್ನು ಕತ್ತಲಲ್ಲಿ ಹೊತ್ತು ತಂದವರು ಅವರು. ದಾರಿ ಬಲ್ಲವರು ಅವರೇ ಆಗಿದ್ದರು.

ಒಟ್ಟು 23 ಮಂದಿ ತೀರಿಕೊಂಡರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆ ದಿನ ಸತ್ತವರಲ್ಲ, ಅನಂತರದ ದಿನಗಳಲ್ಲಿ, ವಾರಗಳಲ್ಲಿ, ಆಸ್ಪತ್ರೆಗಳಲ್ಲಿ ಒಬ್ಬೊಬ್ಬರಾಗಿ ಹೋದವರು. ಸುಟ್ಟಗಾಯದ ಸ್ವಭಾವವೇ ಅಂಥದು. ಚರ್ಮವೆಂಬ ಕೋಟೆ ಬಿದ್ದ ಮೇಲೆ ದೇಹದ ನೀರು ಸೋರುತ್ತದೆ, ನಂಜು ಒಳಗೆ ನುಗ್ಗುತ್ತದೆ. ರಕ್ತ ಬೇಕಾಗುವುದು ಮೊದಲ ದಿನಕ್ಕಷ್ಟೇ ಅಲ್ಲ, ಹಲವು ವಾರಗಳವರೆಗೆ. ಸತ್ತವರ ದೇಹದಿಂದ ಆರು ಗಂಟೆಗಳೊಳಗೆ ತೆಗೆದ ಚರ್ಮದ ತೆಳುಪದರವನ್ನು ಕಾದಿಟ್ಟರೆ ಅದು ಗಾಯಕ್ಕೆ ತಾತ್ಕಾಲಿಕ ಹೊದಿಕೆಯಾಗುತ್ತದೆ. ನೇತ್ರದಾನದ ಪತ್ರಕ್ಕೆ ಸಹಿ ಹಾಕುವ ನಮ್ಮ ಹಿರಿಯರಲ್ಲಿ ಚರ್ಮದಾನದ ಮಾತು ಕೇಳಿದವರು ವಿರಳ. ಸಂಘಗಳು ಇದನ್ನು ಬೆಂಕಿಯಿಲ್ಲದ ತಿಂಗಳಲ್ಲಿಯೇ ಮನೆಮನೆಗೆ ತಲುಪಿಸಬೇಕು.

ಮರುವರ್ಷ ಬಂಡೀಪುರ ಉರಿಯಿತು. 2019ರ ಫೆಬ್ರವರಿ 21ರಿಂದ 25ರವರೆಗಿನ ಐದು ದಿನಗಳಲ್ಲಿ 4,400 ಹೆಕ್ಟೇರಿಗೂ ಮಿಕ್ಕ ಕಾಡು ಬೂದಿಯಾಯಿತು. ಬೆಂಗಳೂರು, ಮೈಸೂರುಗಳಿಂದ ಯುವಜನ ಸ್ವಂತ ವಾಹನಗಳಲ್ಲಿ ಧಾವಿಸಿದರು; ನೀರಿನ ಬಾಟಲಿ, ಬಿಸ್ಕತ್ತು, ಹಣ್ಣು ಬಂದವು. ಜೊತೆಗೆ ಬೇರೆ ದೇಶಗಳ ಹಳೆಯ ಚಿತ್ರಗಳು ‘ಬಂಡೀಪುರದಲ್ಲಿ ಸುಟ್ಟ ಪ್ರಾಣಿಗಳು’ ಎಂಬ ಹೆಸರಿನಲ್ಲಿ ಕೈಯಿಂದ ಕೈಗೆ ಹರಿದಾಡಿದವು. ಹೊಸ್ತಿಲು ದಾಟದೆ ಸೇವೆ ಮಾಡಿದೆವೆಂದುಕೊಳ್ಳುವವರಿಗೆ ಅದೂ ಒಂದು ಸೇವೆ! ಬಂದವರ ಶ್ರದ್ಧೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಗಾಳಿಯ ದಿಕ್ಕನ್ನೂ ಹಿಂದೆ ಸರಿಯುವ ದಾರಿಯನ್ನೂ ಅರಿಯದವನು ಉರಿಯುವ ಇಳಿಜಾರಿಗೆ ಕಾಲಿಟ್ಟರೆ, ಬೆಂಕಿಯೊಡನೆ ಅವನನ್ನೂ ಕಾಯುವ ಹೊರೆ ಕಾವಲುಗಾರನ ಹೆಗಲೇರುತ್ತದೆ.

ಆ ಕೆಲಸ ಬಲ್ಲವರಿಗೇ ಅದು ಎಷ್ಟು ದುಬಾರಿ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಪಾಲಕ್ಕಾಡಿನ ಕಣಿವೆಯ ಆಚೆಗೆ, ತೃಶೂರು ಜಿಲ್ಲೆಯ ಕೊಟ್ಟಂಬತ್ತೂರಿನಲ್ಲಿ 2020ರ ಫೆಬ್ರವರಿ 16ರಂದು ಮೂವರು ಅರಣ್ಯ ಕಾವಲುಗಾರರು ಬೆಂಕಿ ಆರಿಸುತ್ತಲೇ ಸತ್ತರು. ಕುರಂಗಣಿಯ ದುರಂತಕ್ಕೆ ಎಂಟು ದಿನ ಮೊದಲು, ನಾಗರಹೊಳೆಯ ನಿರ್ದೇಶಕ ಎಸ್. ಮಣಿಕಂಠನ್ ಕಿಚ್ಚಿನ ಹಾನಿಯನ್ನು ಪರಿಶೀಲಿಸಲು ಹೋಗಿ ಆನೆಗೆ ಬಲಿಯಾದರು. ತಮಿಳುನಾಡಿನಲ್ಲಿ ಹುಟ್ಟಿ ಕನ್ನಡ ನಾಡಿನ ಕಾಡಿಗೆ ಪ್ರಾಣ ಕೊಟ್ಟ ಆ ಅಧಿಕಾರಿಯನ್ನು, ಇತ್ತ ನೆಲೆಸಿದ ಕನ್ನಡಿಗರಾದರೂ ನೆನೆಯಬೇಡವೇ?

ಆನೈಮಲೈಯಲ್ಲಿ ಬೆಂಕಿರೇಖೆ ಸವರುವವರಲ್ಲಿ, ಹಸಿ ಸೊಪ್ಪಿನ ಕೊಂಬೆ ಹಿಡಿದು ಉರಿಯನ್ನು ಬಡಿಯುವವರಲ್ಲಿ ಕಾಡರು, ಮಲಸರು, ಪುಲಯರು, ಮುದುವರು ಮೊದಲಾದ ಗಿರಿಜನರು ಮುಖ್ಯರು. ನೆರವು ಅವರ ಕೈ ಸೇರಬೇಕು. ಅವರು ಕೇಳಿದ್ದೇ ಸೇರಬೇಕು. ಒಂದು ಉದಾಹರಣೆ ಕೊಡುತ್ತೇನೆ. ತಿರುಪ್ಪೂರಿನ ನಮ್ಮವರಲ್ಲಿ ಬನಿಯನ್ ಉದ್ಯಮದವರಿದ್ದಾರೆ. ವಿಪತ್ತು ಬಂದೊಡನೆ ಅವರು ಬಟ್ಟೆಯ ಮೂಟೆ ಕಳಿಸುತ್ತಾರೆ. ಪಾಲಿಯೆಸ್ಟರ್ ಬೆರೆತ ಅಂಗಿ ಬೆಂಕಿಯ ಝಳಕ್ಕೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಕಾವಲುಗಾರನಿಗೆ ಬೇಕಾದದ್ದು ತುಂಬುತೋಳಿನ ಅಪ್ಪಟ ಹತ್ತಿಯ ಅಂಗಿ, ದಪ್ಪ ಚರ್ಮದ ಬೂಟು, ಕೈಗವಸು, ಬೆನ್ನಿಗೆ ಹೊರುವ ನೀರಿನ ಡಬ್ಬಿ, ಟಾರ್ಚು. ಅದೂ ಪುಷ್ಯ ಮಾಸದಲ್ಲಿ ಬೇಕು, ಚೈತ್ರದಲ್ಲಿ ಅಲ್ಲ. ಹಣ ಕೊಡುವವರಿಗೂ ದಾರಿಯಿದೆ. ಪ್ರತಿಯೊಂದು ಹುಲಿ ಸಂರಕ್ಷಿತ ಪ್ರದೇಶಕ್ಕೂ ಕಾಯಿದೆಯ ಪ್ರಕಾರ ಒಂದು ಪ್ರತಿಷ್ಠಾನವಿರುತ್ತದೆ. ಅದಕ್ಕೆ ದೇಣಿಗೆ ಕೊಟ್ಟು ರಸೀದಿ ಪಡೆಯಬಹುದು.

ಇನ್ನು ಗುಡಿಸಲು ಸುಟ್ಟ ಮನೆಯವರ ಮಾತು. ಅಕ್ಕಿ, ಪಾತ್ರೆ, ಚಾಪೆ ಎರಡು ದಿನಗಳಲ್ಲಿ ಬಂದುಬಿಡುತ್ತವೆ. ಬರದೆ ಉಳಿಯುವುದು ಕಾಗದ. ಪಡಿತರ ಚೀಟಿ, ಆಧಾರ್, ಜಾತಿ ಪ್ರಮಾಣಪತ್ರ, ಅರಣ್ಯ ಹಕ್ಕಿನ ಪತ್ರ, ಮಕ್ಕಳ ಅಂಕಪಟ್ಟಿ ಎಲ್ಲವೂ ಸೂರಿನ ಸೆರೆಯಲ್ಲಿ ಸಿಕ್ಕಿಸಿಟ್ಟಿದ್ದ ಒಂದೇ ಚೀಲದಲ್ಲಿ ಸುಟ್ಟುಹೋಗಿರುತ್ತವೆ. ಗಿರಿಜನನಿಗೆ ಜಾತಿಪತ್ರವೆಂಬುದು ಒಮ್ಮೆ ದೊರೆಯುವುದೇ ದುಸ್ತರ. ಎರಡನೆಯ ಬಾರಿ ಅದಕ್ಕಾಗಿ ಬೆಟ್ಟ ಇಳಿದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಹಣ ಹೋಗುತ್ತದೆ, ಅಧಿಕಾರಿ ಸಿಗದಿದ್ದರೆ ಇನ್ನೊಂದು ದಿನವೂ ಹೋಗುತ್ತದೆ. ಗ್ರಾಮ ಆಡಳಿತಾಧಿಕಾರಿಯ ವರದಿ, ತಹಶೀಲ್ದಾರರ ಕಚೇರಿ, ಇ-ಸೇವೆ ಕೇಂದ್ರ ಎಂಬ ಈ ಮೂರು ಮೆಟ್ಟಿಲು ಹತ್ತಿಸಲು ಬಲ್ಲ ಒಬ್ಬ ನಿವೃತ್ತ ಗುಮಾಸ್ತ, ಒಬ್ಬ ಅಧ್ಯಾಪಕಿ ಅಲ್ಲಿ ಮೂರು ತಿಂಗಳು ಜೊತೆಗಿದ್ದರೆ, ಆ ಸೇವೆಗೆ ಹತ್ತು ಲಾರಿ ಸಾಮಾನು ಸಮವಲ್ಲ. ಪೊಳ್ಳಾಚಿ, ಉಡುಮಲೈ ಸುತ್ತಿನ ನಮ್ಮ ದೇವಾಂಗ, ಒಕ್ಕಲಿಗ, ಅನುಪ್ಪರ ಮನೆಗಳಲ್ಲಿ ಇಂಥವರು ಇಲ್ಲದಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಎಂಬ ಎರಡು ಬಾಳು ಬಾಳಿದವರಿಗೆ, ಅರ್ಜಿಯ ಭಾಷೆ ಬಾರದವನು ಕಿಟಕಿಯ ಮುಂದೆ ನಿಲ್ಲುವ ಕಷ್ಟವನ್ನು ವಿವರಿಸಬೇಕಿಲ್ಲ.

ಪರಿಹಾರವೆಂಬುದು ಎಷ್ಟು ನಿಧಾನವಾಗಿ ಬೆಟ್ಟ ಹತ್ತುತ್ತದೆ ಎಂಬುದಕ್ಕೆ ಇಲ್ಲಿಯ ಕಲ್ಲಾರಿನ ಕಾಡರೇ ಸಾಕ್ಷಿ. ಅವರದು ಬೆಂಕಿಯಲ್ಲ, ನೀರು. 2019ರ ಆಗಸ್ಟಿನ ಮಳೆಗೆ ಮಣ್ಣು ಕುಸಿದು ಅವರ ಊರು ಹೋಯಿತು. ಕಾಡಿನೊಳಗೇ ತೆಪ್ಪಕುಳಮೇಡಿನಲ್ಲಿ ನೆಲ ಬೇಕೆಂಬ ಅವರ ಬೇಡಿಕೆ ಈಡೇರಲು ಎರಡು ವರ್ಷಗಳ ಹೋರಾಟ ಬೇಕಾಯಿತು. ಮೊದಲ ವಾರ ಅಕ್ಕಿ ಕೊಟ್ಟವರಲ್ಲಿ ಎಷ್ಟು ಮಂದಿ ಎರಡನೆಯ ವರ್ಷ ಅವರ ಅರ್ಜಿ ಹಿಡಿದು ನಡೆದರು?

ಸುಟ್ಟ ನೆಲಕ್ಕೆ ಬೀಜದುಂಡೆ ಎಸೆಯುವ ಉತ್ಸಾಹಿಗಳಿಗೂ ಒಂದು ಮಾತು. ಎಲೆಯುದುರುವ ಕಾಡು ಮಳೆ ಬಿದ್ದರೆ ಬುಡದಿಂದ ತಾನೇ ಚಿಗುರುತ್ತದೆ. ಅದಕ್ಕಿಂತ ಮೊದಲು ಎದ್ದು ನಿಲ್ಲುವುದು ಲಂಟಾನ. ಕೈ ಬಿಡುವಾಗಿದ್ದರೆ ಅರಣ್ಯ ಇಲಾಖೆಯ ಅನುಮತಿ ಪಡೆದು ಅದನ್ನು ಬೇರುಸಹಿತ ಕೀಳಲು ಹೋಗಬಹುದು. ಬರುವ ವರ್ಷದ ಬೆಂಕಿಗೆ ಅಷ್ಟು ಸೌದೆ ಕಡಮೆಯಾಯಿತು.

ಈ ಬಾರಿ ಕಾರ್ತಿಕ ಕಳೆಯುವುದರೊಳಗೆ ಪ್ರತಿ ಸಂಘವೂ ಒಂದು ಪಟ್ಟಿ ಸಿದ್ಧಮಾಡಲಿ. ರಕ್ತದ ಗುಂಪು, ಬೆಟ್ಟದ ದಾರಿಯಲ್ಲಿ ಜೀಪು ಓಡಿಸಬಲ್ಲವರು, ಐವತ್ತು ಜನಕ್ಕೆ ಅಡುಗೆ ಮಾಡಬಲ್ಲವರು, ಅರ್ಜಿ ಬರೆಯಬಲ್ಲವರು. ಅದರ ಒಂದು ಪ್ರತಿ ಪೊಳ್ಳಾಚಿಯ ಅರಣ್ಯ ಕಚೇರಿಗೆ, ಒಂದು ಪ್ರತಿ ಉಡುಮಲೈಗೆ. ಬೆಂಕಿ ಬಿದ್ದ ದಿನ ಅವರೇ ಕರೆಯುತ್ತಾರೆ; ಕರೆಯದಿದ್ದರೆ ಮನೆಯಲ್ಲಿರುವುದೇ ಅಂದಿನ ಸೇವೆ.