ಉಪ್ಪು ತಿಂದವನು ನೀರು ಕುಡಿಯಲೇಬೇಕು, ಸರಿ. ನೀರು ಕುಡಿದವನು?

ಕಳೆದ ಮಾರ್ಚ್‌ನಲ್ಲಿ ನಾವು ಆರು ಜನ ಬಾಣಸವಾಡಿಯಿಂದ ನಂದಿ ಬೆಟ್ಟಕ್ಕೆ ಸೈಕಲ್ ತುಳಿದೆವು. ಬೆಳಗಿನ ಜಾವ ನಾಲ್ಕೂವರೆಗೆ ಹೊರಟು, ಔಟರ್ ರಿಂಗ್ ರೋಡ್ ಹಿಡಿದು ಹೆಬ್ಬಾಳ, ಅಲ್ಲಿಂದ ಯಲಹಂಕ, ದೇವನಹಳ್ಳಿ, ಆಮೇಲೆ ಬೆಟ್ಟ. ಹೋಗಿ ಬರೋಕೆ ನೂರು ಕಿಲೋಮೀಟರ್‌ಗೂ ಮಿಕ್ಕಿ. ಹೋಗುವಾಗ ತಂಪಾಗಿತ್ತು, ಹಾಡು ಹೇಳಿಕೊಂಡೇ ಹೋದೆವು. ವಾಪಸ್ ಬರುವಾಗ ಬಿಸಿಲು ಬಿತ್ತು. ಎಲ್ಲರ ಕಪ್ಪು ಟೀಶರ್ಟ್ ಮೇಲೂ ಬೆನ್ನಿನ ಹತ್ತಿರ ಬಿಳಿ ಗೆರೆ. ಬೆವರು ಒಣಗಿ ಉಳಿದ ಉಪ್ಪು ಅದು.

ದೇವನಹಳ್ಳಿ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಸೌತೆಕಾಯಿ ಮಾರುವ ಅಕ್ಕನ ಹತ್ತಿರ ನಿಂತೆವು. ನಮ್ಮಲ್ಲಿ ಒಬ್ಬ ಸೌತೆಕಾಯಿ ತಿಂದು ಮುಗಿಸಿ, ಪೇಪರ್ ಮೇಲೆ ಉಳಿದ ಉಪ್ಪು ಖಾರವನ್ನೂ ಬೆರಳಲ್ಲಿ ಒತ್ತಿ ನೆಕ್ಕಿದ. "ಅಕ್ಕಾ, ಇನ್ನೊಂಚೂರು ಉಪ್ಪು ಹಾಕಿ" ಅಂದ. ನಾವೆಲ್ಲ ನಕ್ಕೆವು. ಇನ್ನೊಬ್ಬ ಸೌತೆಕಾಯಿ ಮುಟ್ಟಲಿಲ್ಲ. ಅವನು ಬೆಳಗ್ಗೆಯಿಂದ ಶಿಸ್ತಾಗಿ ನೀರು ಕುಡಿಯುತ್ತಿದ್ದ. ಬಾಯಾರಿಕೆ ಇರಲಿ ಬಿಡಲಿ, ಫೋನಿನಲ್ಲಿ ಅಲಾರಂ ಇಟ್ಟು ಕುಡಿಯುತ್ತಿದ್ದ. ನಾವು ಅವನನ್ನು ಹೊಗಳಿದ್ದೆವು.

ಹೆಬ್ಬಾಳಕ್ಕೆ ಬರೋ ಹೊತ್ತಿಗೆ ಅವನಿಗೆ ತಲೆನೋವು. ಬೆರಳು ಊದಿ ಉಂಗುರ ಬಿಗಿಯಾಗಿತ್ತು. ಹೆಣ್ಣೂರು ಹತ್ತಿರ ವಾಂತಿ ಮಾಡಿಕೊಂಡ. ಮಾತು ತೊದಲಿತು. ನಾವೇನು ಮಾಡಿದೆವು? "ಮಗಾ, ಡಿಹೈಡ್ರೇಟ್ ಆಗಿದೀಯ, ಕುಡಿ" ಅಂತ ಇನ್ನೊಂದು ಬಾಟಲ್ ನೀರು ಕುಡಿಸಿದೆವು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರ್ ಕೇಳಿದ ಎರಡನೇ ಪ್ರಶ್ನೆಯೇ ಅದು: "ಏನ್ರಪ್ಪಾ, ಇವನಿಗೆ ಎಷ್ಟು ನೀರು ಕುಡಿಸಿದ್ರಿ?" ರಕ್ತದಲ್ಲಿ ಸೋಡಿಯಂ ಲೀಟರಿಗೆ 129 ಮಿಲಿಮೋಲ್ ಇತ್ತು. ಇರಬೇಕಾದ್ದು 135ರಿಂದ 145. ಒಂದು ರಾತ್ರಿ ಇಟ್ಟುಕೊಂಡು ಚಿಕಿತ್ಸೆ ಕೊಟ್ಟು ಕಳಿಸಿದರು. ಈಗ ಚೆನ್ನಾಗಿದ್ದಾನೆ, ಈ ಲೇಖನ ಅವನೂ ಓದಿ ಒಪ್ಪಿದ್ದಾನೆ.

ಈ ಲೇಖನ ಬರೆಯೋಕೆ ಕಾರಣ ನಮ್ಮ ಆ ಕೊನೇ ಬಾಟಲ್. ನಮಗೆ ಗೊತ್ತಿದ್ದದ್ದು ಒಂದೇ ಸಲಹೆ: "ಜಾಸ್ತಿ ನೀರು ಕುಡಿ." ಜಿಮ್ ಗೋಡೆ ಮೇಲೂ ಅದೇ, ಕ್ಯಾಂಪಸ್ ಓಟದ ಪೋಸ್ಟರ್ ಮೇಲೂ ಅದೇ. ಗಂಟೆಗಟ್ಟಲೆ ಬೆವರು ಹರಿಸುವ ವ್ಯಾಯಾಮದಲ್ಲಿ ಈ ಸಲಹೆ ಅರ್ಧ ಸತ್ಯ ಅಂತ ನಮ್ಮ ವಾದ.

ಇಂಜಿನಿಯರಿಂಗ್ ಓದೋರು ತಾನೇ ನಾವು, ಲೆಕ್ಕ ಹಾಕೋಣ. 60 ಕೆಜಿ ತೂಕದ ಒಬ್ಬ ಹುಡುಗ. ಮೈಯಲ್ಲಿ ಸುಮಾರು 36 ಲೀಟರ್ ನೀರು. ಈ ದೇಹವನ್ನು ಒಂದು ಟ್ಯಾಂಕ್ ಅಂದುಕೊಂಡು, ಅದರಲ್ಲಿ ಲೀಟರಿಗೆ 140 ಮಿಲಿಮೋಲ್ ಲವಣ (ರಕ್ತದಲ್ಲಿ ಸೋಡಿಯಂ, ಜೀವಕೋಶದೊಳಗೆ ಪೊಟ್ಯಾಶಿಯಂ) ಕರಗಿದೆ ಅಂತ ಇಟ್ಟುಕೊಳ್ಳಿ. ಒಟ್ಟು 5040. ಆರು ಗಂಟೆ ಸೈಕಲ್ ತುಳಿದು 4 ಲೀಟರ್ ಬೆವರಿದ. ಬೆವರಿನ ಸೋಡಿಯಂ ಒಬ್ಬೊಬ್ಬರಿಗೆ ಒಂದೊಂದು ಥರ. ಲೀಟರಿಗೆ 20 ಮಿಲಿಮೋಲ್ ಇರೋರೂ ಇದ್ದಾರೆ, 80 ಇರೋರೂ ಇದ್ದಾರೆ. ನಾವು 40 ತಗೊಳ್ಳೋಣ. ಹೋದದ್ದು 160 ಮಿಲಿಮೋಲ್. ಅಡುಗೆ ಉಪ್ಪಿನ ಲೆಕ್ಕದಲ್ಲಿ 9 ಗ್ರಾಂ ಚಿಲ್ಲರೆ, ಹೆಚ್ಚುಕಡಿಮೆ ಎರಡು ಟೀ ಚಮಚ. ಟ್ಯಾಂಕ್‌ನಲ್ಲಿ ಉಳಿದದ್ದು 4880.

ಒಂದನೇ ಕೇಸ್: ಬಾಯಾರಿದಾಗಷ್ಟೇ ಕುಡಿದು 3 ಲೀಟರ್ ಬರೀ ನೀರು ಒಳಗೆ ಹೋಯಿತು. ಟ್ಯಾಂಕ್ 35 ಲೀಟರ್. 4880 ಭಾಗಿಸು 35, ಸುಮಾರು 139. ಏನೂ ಆಗಲಿಲ್ಲ.

ಎರಡನೇ ಕೇಸ್: ಬೆವರಿದಷ್ಟೂ, ಅಂದರೆ 4 ಲೀಟರ್ ಕುಡಿದ. 4880 ಭಾಗಿಸು 36, ಸುಮಾರು 135.5. ಗಡಿಗೆ ಬಂದು ನಿಂತ.

ಮೂರನೇ ಕೇಸ್: ಅಲಾರಂ ಇಟ್ಟು 6 ಲೀಟರ್ ಕುಡಿದ. 4880 ಭಾಗಿಸು 38, ಸುಮಾರು 128. ನಮ್ಮ ಗೆಳೆಯ ಖಾಲಿ ಮಾಡಿದ್ದು 750 ಮಿಲಿಲೀಟರ್‌ನ ಎಂಟು ಬಾಟಲ್.

"ಹೆಚ್ಚಾದ ನೀರು ಮೂತ್ರದಲ್ಲಿ ಹೋಗಲ್ವಾ?" ಅಂತ ನೀವು ಕೇಳಬಹುದು. ಸುಮ್ಮನೆ ಕೂತಿದ್ದರೆ ಹೋಗುತ್ತೆ. ಆದರೆ ಗಂಟೆಗಟ್ಟಲೆ ದಣಿದಾಗ ದೇಹ ನೀರನ್ನು ಹಿಡಿದಿಡುವ ಎಡಿಎಚ್ ಅನ್ನೋ ಹಾರ್ಮೋನನ್ನು ಸುರಿಸುತ್ತೆ. ಹೊರಹೋಗುವ ವಾಲ್ವ್ ಅರ್ಧ ಮುಚ್ಚಿರುತ್ತೆ, ನಾವು ಮೇಲಿಂದ ಸುರಿಯುತ್ತಲೇ ಇರುತ್ತೇವೆ. ರಕ್ತ ತೆಳುವಾದಾಗ ನೀರು ಜೀವಕೋಶಗಳ ಒಳಗೆ ನುಗ್ಗುತ್ತೆ. ಬೆರಳು ಊದಿದರೆ ಉಂಗುರ ಬಿಗಿಯಾಗುತ್ತೆ ಅಷ್ಟೇ. ಮೆದುಳು ಊದಿದರೆ ತಲೆಬುರುಡೆಯೊಳಗೆ ಜಾಗ ಇಲ್ಲ.

ಇನ್ನೂ ಒಂದು ಕೇಸ್ ನೋಡಿ. ಕಳೆದುಕೊಂಡ 160 ಮಿಲಿಮೋಲ್ ಪೂರ್ತಿ ಉಪ್ಪು ತಿಂದು ವಾಪಸ್ ತುಂಬಿದ, ಆದರೆ 6 ಲೀಟರ್ ಕುಡಿದ. 5040 ಭಾಗಿಸು 38, ಸುಮಾರು 133. ಉಪ್ಪು ತಿಂದರೂ ಗಡಿಯ ಕೆಳಗೇ ಉಳಿದ. ಮಾದರಿ ಒರಟು, ನಿಜ. ಆದರೆ ಅದು ಹೇಳೋದು ಸ್ಪಷ್ಟ: ಮೊದಲು ನೀರಿನ ಅತಿ ಬಿಡಬೇಕು, ಆಮೇಲೆ ಉಪ್ಪಿನ ಮಾತು.

ಇದು ನಮ್ಮ ಟ್ಯಾಂಕ್ ಲೆಕ್ಕ ಮಾತ್ರ ಅಲ್ಲ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಗುರಿ ಮುಟ್ಟಿದ 488 ಓಟಗಾರರ ರಕ್ತ ಪರೀಕ್ಷೆ ಮಾಡಿದ ಸಂಶೋಧಕರು 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 13ರಷ್ಟು ಜನರ ಸೋಡಿಯಂ 135 ಅಥವಾ ಅದಕ್ಕಿಂತ ಕೆಳಗಿತ್ತು. ಮೂವರದ್ದು 120ಕ್ಕಿಳಿದು ಪ್ರಾಣಾಪಾಯದ ಮಟ್ಟದಲ್ಲಿತ್ತು. ಯಾರಿಗೆ ಹೀಗಾಗಿತ್ತು? ಮುಖ್ಯವಾಗಿ ಓಟದ ಹೊತ್ತಲ್ಲಿ ತೂಕ ಏರಿಸಿಕೊಂಡವರಿಗೆ. ಕುಡಿದದ್ದು ಬರೀ ನೀರೋ ಸ್ಪೋರ್ಟ್ಸ್ ಡ್ರಿಂಕೋ ಅನ್ನೋದು ವ್ಯತ್ಯಾಸ ಮಾಡಿರಲಿಲ್ಲ. ಅದೇ ಓಟದಲ್ಲಿ 28 ವರ್ಷದ ಓಟಗಾರ್ತಿಯೊಬ್ಬರು ಇದೇ ಕಾರಣಕ್ಕೆ ತೀರಿಕೊಂಡರು. ಸ್ಪೋರ್ಟ್ಸ್ ಡ್ರಿಂಕ್‌ನಲ್ಲಿ ಸೋಡಿಯಂ ಲೀಟರಿಗೆ ಸಾಮಾನ್ಯವಾಗಿ 20 ಮಿಲಿಮೋಲ್ ಆಸುಪಾಸು. ರಕ್ತದ ಮಟ್ಟಕ್ಕೆ ಹೋಲಿಸಿದರೆ ಅದೂ ಬಣ್ಣದ ನೀರೇ.

ಹಾಗಾದರೆ ಪೇಪರ್ ನೆಕ್ಕಿದ ನಮ್ಮ ಇನ್ನೊಬ್ಬ ಗೆಳೆಯ? ಅವನ ನಾಲಿಗೆ ಸುಳ್ಳು ಹೇಳಿರಲಿಲ್ಲ. ಇಸ್ರೇಲಿನ ಹೈಫಾದಲ್ಲಿ ವ್ಯಾಯಾಮ ಮುಗಿಸಿದ ವಿದ್ಯಾರ್ಥಿಗಳಿಗೆ ಟೊಮೆಟೊ ಸೂಪ್ ಕೊಟ್ಟು, ನಿಮಗೆ ಬೇಕಾದಷ್ಟು ಉಪ್ಪು ಹಾಕಿಕೊಳ್ಳಿ ಅಂದಾಗ ಮಾಮೂಲಿಗಿಂತ ಜಾಸ್ತಿ ಹಾಕಿಕೊಂಡರು ಅಂತ 1999ರ ಒಂದು ಅಧ್ಯಯನ ಹೇಳುತ್ತೆ. ದೇಹಕ್ಕೆ ತನ್ನದೇ ಫೀಡ್‌ಬ್ಯಾಕ್ ಇದೆ. ಸೋಡಿಯಂ ಕಮ್ಮಿಯಾದರೆ ಆಲ್ಡೋಸ್ಟೆರಾನ್ ಹಾರ್ಮೋನ್ ಮೂತ್ರದಲ್ಲೂ ಬೆವರಲ್ಲೂ ಉಪ್ಪು ಉಳಿಸುತ್ತೆ. ಬಿಸಿಲಲ್ಲಿ ಒಂದೆರಡು ವಾರ ಅಭ್ಯಾಸ ಮಾಡಿದವರ ಬೆವರು ಕಮ್ಮಿ ಉಪ್ಪಾಗೋದು ಇದೇ ಕಾರಣಕ್ಕೆ. ನಾಲಿಗೆಯೂ ಈ ಸರ್ಕ್ಯೂಟ್‌ನ ಒಂದು ಸೆನ್ಸರ್.

ಆದರೆ ಸೆನ್ಸರ್‌ನಲ್ಲಿ ನಾಯ್ಸ್ ಇದೆ. ನಲವತ್ತು ನಿಮಿಷ ಜಿಮ್ ಮಾಡಿ ಬಂದು "ಬಾಡಿ ಉಪ್ಪು ಕೇಳ್ತಿದೆ ಗುರು" ಅಂತ ಚಿಪ್ಸ್ ಪ್ಯಾಕೆಟ್ ಒಡೆಯೋದು ಆಸೆಯೇ ಹೊರತು ಅಗತ್ಯ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಮ್ಮಿ. ಹಾಸ್ಟೆಲ್ ಸಾಂಬಾರು, ಉಪ್ಪಿನಕಾಯಿ, ಹಪ್ಪಳದಲ್ಲೇ ನಾವು ಅದನ್ನು ದಾಟಿಬಿಡುತ್ತೇವೆ. ಒಂದು ಗಂಟೆ ಬ್ಯಾಡ್ಮಿಂಟನ್‌ಗೆ ನೀರು ಸಾಕು, ಉಳಿದದ್ದನ್ನು ರಾತ್ರಿಯ ಸಾರು ನೋಡಿಕೊಳ್ಳುತ್ತೆ. ಎರಡು ಗಂಟೆ ಮೀರಿ ಬೆವರು ಹರಿದಾಗ, ಬಟ್ಟೆ ಮೇಲೆ ಬಿಳಿ ಗೆರೆ ಕಂಡಾಗ ಮಾತ್ರ ನಾಲಿಗೆಯ ಮಾತು ಕೇಳಬೇಕು. ಬಿಪಿ, ಕಿಡ್ನಿ ತೊಂದರೆ ಇರೋರು ಆಗಲೂ ಡಾಕ್ಟರನ್ನು ಕೇಳಬೇಕು.

ಕೇಳಿ ಏನು ಕೊಡಬೇಕು? ಇಲ್ಲೇ ಅಂಗಡಿಯವರು ನಮ್ಮನ್ನು ದಾರಿ ತಪ್ಪಿಸೋದು. ನಿಜವಾದ ಓಆರ್‌ಎಸ್ ಸೂತ್ರದಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಶಿಯಂ ಕ್ಲೋರೈಡ್ ಮತ್ತು ಸಿಟ್ರೇಟ್ ಇರುತ್ತೆ. ಸೋಡಿಯಂ 75 ಮಿಲಿಮೋಲ್. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಒಂದೇ ಬಾಗಿಲಲ್ಲಿ ಜೊತೆಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳ ಹಿಂದೆ ಹೋಗುತ್ತೆ. 1971ರಲ್ಲಿ ಬಂಗಾಳದ ಬೋನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಕಾಲರಾ ರೋಗಿಗಳನ್ನು ಉಳಿಸಿದ್ದು ಈ ತತ್ವದಿಂದಲೇ. ಇದರ ಹೆಸರು ಹೇಳಿಕೊಂಡು ಸಕ್ಕರೆ ನೀರು ಮಾರಿದವರು ನಮ್ಮಲ್ಲಿ ಕಮ್ಮಿಯಿಲ್ಲ. 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ, ಆಹಾರ ಪಾನೀಯಗಳ ಹೆಸರಿನಲ್ಲಿ 'ಓಆರ್‌ಎಸ್' ಪದ ಬಳಸುವಂತಿಲ್ಲ ಅಂತ ಆದೇಶ ಹೊರಡಿಸಬೇಕಾಯಿತು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಸೋಡಿಯಂ ಕಮ್ಮಿ. ಬೆವರಲ್ಲಿ ಹೋಗೋದು ಮುಖ್ಯವಾಗಿ ಸೋಡಿಯಂ.

ನಮ್ಮ ಊರಿನ ಹೆಸರಲ್ಲೇ ಅಡುಗೆ ಇದೆ. ಬಾಣಸ ಅಂದರೆ ಅಡುಗೆ, ಬಾಣಸಿಗ ಅಂದರೆ ಅಡುಗೆಯವನು. ಉತ್ತರವೂ ಅಡುಗೆಮನೆಯಲ್ಲೇ ಇದೆ. ರಾಮನವಮಿ ದಿನ ಬೆಂಗಳೂರಿನ ಬೀದಿ ಬೀದಿಯಲ್ಲಿ ಪೆಂಡಾಲ್ ಹಾಕಿ ಏನು ಕೊಡುತ್ತಾರೆ? ಉಪ್ಪು ಹಾಕಿದ ನೀರು ಮಜ್ಜಿಗೆ, ಬೆಲ್ಲದ ಪಾನಕ, ಸೌತೆಕಾಯಿ ಹೆಸರುಬೇಳೆಯ ಕೋಸಂಬರಿ. ನೀರು, ಉಪ್ಪು, ಸಕ್ಕರೆ ಮೂರೂ ಅದರಲ್ಲಿವೆ, ಅದೂ ಬೇಸಿಗೆ ಏರುವ ಹೊತ್ತಿಗೆ ಸರಿಯಾಗಿ. ಒಂದು ಲೋಟ ಮಜ್ಜಿಗೆಗೆ ಕಾಲು ಟೀ ಚಮಚ ಉಪ್ಪು ಹಾಕಿದರೆ ಒಂದು ಗ್ರಾಂಗೂ ಮೇಲೆ ಸಿಕ್ಕಿತು.

ಹಾಗಾಗಿ ನಮ್ಮ ಕೋರಿಕೆ ಸಣ್ಣದು. ಮುಂದಿನ ಕ್ಯಾಂಪಸ್ ಓಟದಲ್ಲಿ ನೀರಿನ ಟೇಬಲ್ ಪಕ್ಕ ಮಜ್ಜಿಗೆ ಮತ್ತು ಪಾನಕದ ಡ್ರಮ್ ಇಡಿ. ಸ್ಪಾನ್ಸರ್ ಕೊಡುವ ಬಣ್ಣದ ಬಾಟಲ್‌ಗಿಂತ ಖರ್ಚು ಕಮ್ಮಿಯೇ ಆಗುತ್ತೆ. ಶುರುವಿನಲ್ಲಿ, ಕೊನೆಯಲ್ಲಿ ಒಂದೊಂದು ತೂಕದ ಯಂತ್ರ ಇಡಿ. ಓಡಿದ ಮೇಲೆ ತೂಕ ಏರಿದ್ದರೆ ಅವರಿಗೆ ಇನ್ನು ನೀರು ಕೊಡಬೇಡಿ. ಪೋಸ್ಟರ್‌ನಲ್ಲಿ "ಜಾಸ್ತಿ ನೀರು ಕುಡಿಯಿರಿ" ತೆಗೆದು "ಬಾಯಾರಿದಾಗ ಕುಡಿಯಿರಿ" ಅಂತ ಬರೆಯಿರಿ. ತಲೆನೋವು, ವಾಂತಿ, ಊದಿದ ಬೆರಳು, ತೊದಲು ಮಾತು ಕಂಡರೆ ಬಾಟಲ್ ಎತ್ತಬೇಡಿ, ಆಂಬುಲೆನ್ಸ್ ಕರೆಯಿರಿ ಅಂತ ಸ್ವಯಂಸೇವಕರಿಗೆಲ್ಲ ಹೇಳಿಕೊಡಿ.

ಆ ಮಜ್ಜಿಗೆ ಡ್ರಮ್ ಅನ್ನು ಏಪ್ರಿಲ್ ಪೂರ್ತಿ ಕಾಲೇಜು ಗೇಟ್ ಹತ್ತಿರವೂ ಇಟ್ಟರೆ ಇನ್ನೂ ಒಳ್ಳೆಯದು. ನಾವು ವರ್ಷಕ್ಕೊಂದು ಸಲ ಮೆಡಲ್‌ಗಾಗಿ ಬೆವರುತ್ತೇವೆ. ಬಾಣಸವಾಡಿ ಮೇನ್ ರೋಡಿನಲ್ಲಿ ಡೆಲಿವರಿ ಬ್ಯಾಗ್ ಹೊತ್ತ ಹುಡುಗರು, ನಮ್ಮ ಹೊಸ ಬ್ಲಾಕ್‌ಗೆ ಇಟ್ಟಿಗೆ ಹೊರುವ ಅಣ್ಣಂದಿರು, ಅಕ್ಕಂದಿರು ದಿನಾ ಎಂಟು ಗಂಟೆ ಬೆವರುತ್ತಾರೆ. ಅವರ ಅಂಗಿಯ ಮೇಲೂ ಅದೇ ಬಿಳಿ ಗೆರೆ ಇದೆ.